ಅತ್ತೆಗೆ ‘ರೀ’ ಅಂದ ಕಂಪ್ಯೂಟರು

ಕಂಪ್ಯೂಟರಿನಿಂದ ‘ರೀ’ ಅನ್ನಿಸಿಕೊಂಡ ಹೆಂಗಸು ಇಡೀ ಮಕ್ತಲಿನಲ್ಲಿ ಒಬ್ಬರೇ. ಅವರು ನಮ್ಮ ಸೋದರತ್ತೆ. ಬೇರೆ ಊರಿನಲ್ಲಿ ಇನ್ನೊಬ್ಬರು ಇದ್ದರೆ ನನಗೆ ತಿಳಿಸಿ, ಅತ್ತೆಗೆ ಬೇಡ. ಬೇಸರ ಮಾಡಿಕೊಳ್ಳುತ್ತಾರೆ.

ಅತ್ತೆ ಮೂವತ್ತು ವರ್ಷ ತೆಲಂಗಾಣದ ಈ ಗಡಿಯೂರಿನ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತವರು. ಕೋಸಗಿ, ಧನ್ವಾಡ, ಗದ್ವಾಲ ಎಂದು ತೆಲುಗಿನಲ್ಲಿ ಕೂಗುವುದು, ನಡುನಡುವೆ ಕನ್ನಡದಲ್ಲಿ ಕೆಮ್ಮುವುದು, ಇದು ಅವರ ನೌಕರಿ. ನಿವೃತ್ತರಾದ ಮೇಲೆ ಕೂಗಲು ಮನೆಯಲ್ಲಿ ಏನೂ ಉಳಿದಿರಲಿಲ್ಲ. ಗದ್ವಾಲದಲ್ಲಿ ಯಾರದೋ ಅಂಗಡಿ ಮುಚ್ಚಿದಾಗ ಅಲ್ಲಿಯ ಹಳೆಯ ಕಂಪ್ಯೂಟರನ್ನು ಹೊರಿಸಿಕೊಂಡು ಬಂದು ನನಗೆ ಫೋನು ಮಾಡಿದರು. ನಾನು ನಾರಾಯಣಪೇಟೆಯ ಶಾಲೆಯೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವಳು.

“ಐತವಾರ ಬಾ. ನಂಗ ಕೋಡ್ ಬರಿಯಾಕ ಕಲಸು.”

“ಈಗ ಯಾಕ್ರಿ ಅತ್ತಿ?”

“ಹಾಡು ಬರ್ತದ, ಕಸೂತಿ ಬರ್ತದ. ಇದೊಂದು ಬರಂಗಿಲ್ಲ, ಅದಕ್ಕ.”

ಕೋಡ್ ಕಲಿಯುವ ಎಲ್ಲರ ಮೊದಲ ಪ್ರೋಗ್ರಾಮೂ ‘ಹಲೋ ವರ್ಲ್ಡ್’ ಎಂದು ಲೋಕಕ್ಕೆ ನಮಸ್ಕಾರ ಹೇಳುವುದು. ಅತ್ತೆ ಇದಕ್ಕೆ ಒಪ್ಪಲಿಲ್ಲ.

“ಲೋಕದಾಗ ನಂಗ ಯಾರ ಪರಿಚಯ ಐತಿ? ಬಾಜೂ ಮನಿ ಶಾಂತಮ್ಮಗ ಹೇಳ್ತೀನಿ.”

ಬರೆದರು. ‘ಶಾಂತಮ್ಮಗ ನಮಸ್ಕಾರ’ ಎಂದು ಪರದೆಯ ಮೇಲೆ ಮೂಡಿತು. ಶಾಂತಮ್ಮನನ್ನು ಕರೆಸಿ ತೋರಿಸಿದರು. ಆಕೆ ಪರದೆಗೆ ಕೈಮುಗಿದು, ಹೋಗುವಾಗ ನಾಲ್ಕು ಮನೆಗೆ ಸುದ್ದಿ ಹೇಳಿ ಹೋದರು. ಸಂಜೆಯೊಳಗೆ ಓಣಿಯ ಹದಿನೆಂಟು ಹೆಂಗಸರು ತಮಗೂ ನಮಸ್ಕಾರ ಬೇಕೆಂದು ಬಂದು ಚಾಪೆಯ ಮೇಲೆ ಕೂತರು. ಆರನೇ ನಮಸ್ಕಾರಕ್ಕೆ ಅತ್ತೆಯ ಬೆರಳು ನೋಯತೊಡಗಿತು.

“ಇದಕ್ಕೇನೂ ಅಡ್ಡದಾರಿ ಇಲ್ಲೇನು?”

ಇತ್ತು. ಒಂದೇ ಕೆಲಸವನ್ನು ಮೇಲಿಂದ ಮೇಲೆ ಮಾಡಿಸುವ ಆ ಉಪಾಯಕ್ಕೆ ಲೂಪ್ ಎನ್ನುತ್ತಾರೆ. ನಮ್ಮ ಶಾಲೆಯ ಮಕ್ಕಳಿಗೆ ಎರಡು ತಿಂಗಳಾದರೂ ತಲೆಗೆ ಹತ್ತದ ಲೂಪು ಅತ್ತೆಗೆ ಅರ್ಧ ಗಂಟೆಯಲ್ಲಿ ಹತ್ತಿತು. ಯಾಕೆ ಹತ್ತುವುದಿಲ್ಲ? ಮಕ್ಕಳ ಮುಂದೆ ಹದಿನೆಂಟು ಹೆಂಗಸರು ಕೂತಿರುವುದಿಲ್ಲವಲ್ಲ. ನಾನು ಮುಂದಿನ ಪಾಠದ ಪುಟ ತಿರುವಿದೆ. ಹೊಗಳುವುದು ನನ್ನ ಅಭ್ಯಾಸವಲ್ಲ. ಸರಿಯಿದ್ದರೆ ಒಂದು ಗೀಟು ಹಾಕುತ್ತೇನೆ, ಸಾಕು. ಲೂಪಿಗೆ ಕೊಟ್ಟ ಹೆಸರಿನ ಪಟ್ಟಿಯಲ್ಲಿ ಬಿಟ್ಟುಹೋದ ಒಬ್ಬಾಕೆ ಮಾತ್ರ ಇವತ್ತಿಗೂ ಅತ್ತೆಯೊಡನೆ ಮಾತಾಡುವುದಿಲ್ಲ.

ಮುಂದಿನ ವಾರ ಅತ್ತೆ ಎಲ್ಲೋ ಒಂದು ಕೋಲನ್ ಚಿಹ್ನೆ ಹಾಕಲು ಮರೆತರು. ಕಂಪ್ಯೂಟರು ಕೆಂಪಕ್ಷರದ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿತು. ಅತ್ತೆ ಕುರ್ಚಿ ಹಿಂದೆ ಸರಿಸಿ ಎದ್ದು ನಿಂತರು.

“ಏನಂತದ ಇದು?”

“ಏಳನೇ ಸಾಲಿನಾಗ ತಪ್ಪೈತಿ ಅಂತದ್ರಿ.”

“ತಪ್ಪಿದ್ರ ಅನ್ಲಿ, ಬ್ಯಾಡ ಅನ್ನಂಗಿಲ್ಲ. ಹಿಂಗ ಅನ್ನೂದೇನು? ಬಸ್ ತಪ್ಪಿಸ್ಕೊಂಡವ್ರಿಗೂ ನಾ ಮೂವತ್ತು ವರ್ಷ ತೆಲುಗಿನಾಗ ‘ದಯಚೇಸಿ’ ಅಂದೀನಿ.”

“ಅದು ಮಷಿನ್ ಅತ್ತಿ. ಅದಕ್ಕೇನು ಗೊತ್ತಾಗ್ತದ?”

“ಗೊತ್ತಿಲ್ಲಂದ್ರ ಕಲಸೂಣು. ನಾ ಕಲಿಯಾಕ ಹತ್ತಿಲ್ಲೇನು?”

ಮೂರು ಐತವಾರ ಇದಕ್ಕೇ ಹೋಯಿತು. ಅತ್ತೆ ಬರೆದ ಪ್ರೋಗ್ರಾಮನ್ನು ನಡೆಸಿ ನೋಡಿ, ತಪ್ಪು ಸಿಕ್ಕರೆ ನಮ್ಮ ಮಾತಿನಲ್ಲಿ ತಿಳಿಸುವ ಇನ್ನೊಂದು ಪ್ರೋಗ್ರಾಮು ತಯಾರಾಯಿತು. ಅಲ್ಲಿಂದ ಕಂಪ್ಯೂಟರು ಹೀಗೆನ್ನತೊಡಗಿತು: ‘ಅಕ್ಕಾರ, ಏಳನೇ ಸಾಲಿನಾಗ ಕೋಲನ್ ಬಿಟ್ಟೀರಿ. ಅವಸರ ಇಲ್ಲ. ಚಾ ಕುಡಿದು ನೋಡ್ರೀ.’

ಅತ್ತೆ ಮಾತು ಮೀರುವವರಲ್ಲ. ಆ ದಿನ ಹನ್ನೊಂದು ತಪ್ಪಿಗೆ ಹನ್ನೊಂದು ಚಾ ಕುಡಿದರು. ಮರುದಿನ ‘ಚಾ’ ತೆಗೆದು ‘ನೀರು’ ಎಂದು ತಿದ್ದಿದರು.

ತಪ್ಪಿಗೆ ಮರ್ಯಾದೆ ಸಿಕ್ಕ ಮೇಲೆ ಸರಿಗೆ ಹೊಗಳಿಕೆ ಬೇಡವೇ? ಅತ್ತೆ ಕೂತು ನಲವತ್ತು ಹೊಗಳಿಕೆ ಬರೆದರು. ಕನ್ನಡದ ಭೇಷ್, ಉರ್ದುವಿನ ಶಾಬಾಶ್, ತೆಲುಗಿನ ಬಾಗುಂದಿ, ಎಲ್ಲ ಸೇರಿಸಿ. ಚೀಟಿ ಎತ್ತಿದ ಹಾಗೆ ಪ್ರತಿ ಸಲ ಒಂದೊಂದು ಬರಬೇಕು. ಇವತ್ತು ಬಂದದ್ದು ನಾಳೆ ಬರಕೂಡದು.

“ನಿನ್ನೆ ಅಂದಿದ್ದೇ ಇವತ್ತೂ ಅಂದ್ರ ಅದು ಹೊಗಳಿಕಿ ಅಲ್ಲ, ಅನೌನ್ಸ್‌ಮೆಂಟು.”

ಮೂರು ತಿಂಗಳಾಗಿತ್ತು. ನನಗೂ ಸಾಕಾಗಿ ಕೇಳಿದೆ.

“ಅತ್ತಿ, ಈ ಪ್ರೋಗ್ರಾಮು ಏನು ಕೆಲಸ ಮಾಡ್ತದ್ರಿ?”

“ಧೈರ್ಯ ಹೇಳ್ತದ.”

“ಯಾವ ಕೆಲಸಕ್ಕ?”

“ಅದನ್ನ ಇನ್ನೂ ವಿಚಾರ ಮಾಡಿಲ್ಲ.”

ಮುಂದಿನ ಐತವಾರ ನಾನು ಹೋಗುವಷ್ಟರಲ್ಲಿ ವಿಚಾರ ಮಾಡಿಬಿಟ್ಟಿದ್ದರು. ಬೆಳಗಿನಿಂದ ಒಬ್ಬರೇ ಕೂತು ಒಂದು ಲೆಕ್ಕಕ್ಕೆ ಪ್ರೋಗ್ರಾಮು ಬರೆದಿದ್ದರು. ಒಂದು ತೊಟ್ಟಿ. ಒಂದು ನಳ ಅದನ್ನು ಆರು ತಾಸಿನಲ್ಲಿ ತುಂಬಿಸುತ್ತದೆ, ಇನ್ನೊಂದು ನಾಲ್ಕು ತಾಸಿನಲ್ಲಿ. ತಳದಲ್ಲಿ ತೂತಿದೆ, ತುಂಬಿದ ತೊಟ್ಟಿಯನ್ನು ಅದು ಹನ್ನೆರಡು ತಾಸಿನಲ್ಲಿ ಖಾಲಿ ಮಾಡುತ್ತದೆ. ಎಲ್ಲ ಒಟ್ಟಿಗೆ ಬಿಟ್ಟರೆ ತೊಟ್ಟಿ ತುಂಬಲು ಎಷ್ಟು ಹೊತ್ತು?

ನನ್ನೆದುರು ಗುಂಡಿ ಒತ್ತಿದರು. ‘ಮೂರು ತಾಸು’ ಎಂದು ಬಂತು. ಅದರ ಕೆಳಗೆ ನಲವತ್ತರಲ್ಲಿ ಯಾವುದೋ ಒಂದು ಹೊಗಳಿಕೆಯೂ ಬಂತು. ಅತ್ತೆ ಅದನ್ನು ಓದಲಿಲ್ಲ. ನನ್ನ ಕಡೆ ತಿರುಗಿದರು.

“ಏಳನೇ ಕ್ಲಾಸಿನಾಗ ಈ ಲೆಕ್ಕ ನಾ ಬೋರ್ಡಿನ ಮ್ಯಾಲ ಮಾಡಿದ್ದೆ. ಮೂರು ತಾಸು ಅಂತ ಬರ್ದಿದ್ದೆ. ಮಾಸ್ತರು ನೋಡಿದ್ರು, ಒರಿಸಿದ್ರು, ‘ಹೋಗಿ ಕೂಡು’ ಅಂದ್ರು. ಸರಿ ಅನ್ಲಿಲ್ಲ, ತಪ್ಪೂ ಅನ್ಲಿಲ್ಲ. ಆಮ್ಯಾಲ ನಾ ಬೋರ್ಡಿನ ಹತ್ರ ಹೋಗ್ಲೇ ಇಲ್ಲ.”

“ಈಗ ಕಂಪ್ಯೂಟರು ಮೂರು ಅಂತದಲ್ರಿ.”

“ಅದಕ್ಕ ನಾನೇ ಹೇಳ್ಕೊಟ್ಟೀನಿ, ಅದು ಹೂಂ ಅಂತದ. ನೀ ಟೀಚರ್ ಅದೀ. ನೀ ಹೇಳು.”

ನಾನು ಪೆನ್ನು ತೆಗೆದುಕೊಂಡು ಕಾಗದದ ಮೇಲೆ ಮಾಡತೊಡಗಿದೆ. ತೊಟ್ಟಿಯನ್ನು ಹನ್ನೆರಡು ಪಾಲು ಮಾಡಿದರೆ ತಾಸಿಗೆ ಒಂದು ನಳದಿಂದ ಎರಡು, ಇನ್ನೊಂದರಿಂದ ಮೂರು, ತೂತಿನಿಂದ ಒಂದು ಹೊರಗೆ. ತಾಸಿಗೆ ನಾಲ್ಕು ಪಾಲು ಉಳಿಯುತ್ತದೆ. ತಲೆಯೆತ್ತಿ ನೋಡಿದರೆ ಅತ್ತೆ ಯಾವಾಗಲೋ ಕುರ್ಚಿಯಿಂದ ಎದ್ದಿದ್ದರು. ಎರಡೂ ಕೈ ಜೋಡಿಸಿ ಹಿಡಿದು, ನನ್ನ ಪೆನ್ನಿನ ತುದಿಯನ್ನೇ ನೋಡುತ್ತ ನಿಂತಿದ್ದರು.

ನಾನೂ ಎದ್ದು ನಿಂತೆ.

“ಸರಿ ಐತ್ರಿ ಅತ್ತಿ. ಭಾಳ ಚಂದ ಮಾಡೀರಿ.”

ಅತ್ತೆ ಜೋಡಿಸಿದ್ದ ಕೈ ಬಿಡಿಸಿದರು.

“ನಂಗ ಆವಾಗೇ ಅನ್ನಿಸಿತ್ತು,” ಎಂದರು. ಆಮೇಲೆ ಕೂತರು.