ಚಪ್ಪಡಿ ಕೆಳಗಿನ ನಾಲ್ಕು ಕಣ್ಣು

ನಮ್ಮ ದೊಡ್ಡಪ್ಪ ಕಲ್ಲಿನ ಜೊತೆ ಮಾತಾಡುತ್ತಾರೆ ಎಂದರೆ ನೀವು ನಗುತ್ತೀರಿ. ಕಲ್ಲು ಉತ್ತರವನ್ನೂ ಕೊಡುತ್ತದೆ ಎಂದರೆ ಎದ್ದೇ ಹೋಗುತ್ತೀರಿ. ಸ್ವಲ್ಪ ಕೂತಿರಿ. ಆ ಉತ್ತರ ಕೇಳಿ ಓಡಿದವರಲ್ಲಿ ನಾನೂ ಒಬ್ಬಳು.

ಮಹದೇವಪುರದಲ್ಲಿ ಕೆರೆಗೆ ಅಂಟಿಕೊಂಡಂತೆ ಅವರ ಮನೆ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಬಾಡಿಗೆ ಕೋಣೆಗಳು. ಅವನ್ನು ಕಟ್ಟಿಸುವಾಗ ಹಿತ್ತಲಿನ ಬಾವಿಗೆ ಚಪ್ಪಡಿ ಎಳೆಸಿದರು. ಹಳೆಯ ಮೋಟಾರಿನ ಕಬ್ಬಿಣದ ಪೈಪು ಒಳಗೇ ಉಳಿಯಿತು, ಅದರ ಪಕ್ಕ ಅಂಗೈಯಗಲದ ಒಂದು ತೂತೂ ಉಳಿಯಿತು. ಇನ್ನೇನು ಉಳಿಯಿತೆಂದು ಆಗ ಯಾರೂ ಕೇಳಲಿಲ್ಲ.

ದೊಡ್ಡಪ್ಪನ ಹುಚ್ಚು ಶುರುವಾದದ್ದು ಕೆರೆ ದಂಡೆಯ ಫಲಕದಿಂದ. ಅಪಾರ್ಟ್‌ಮೆಂಟಿನವರು ಅದರಲ್ಲಿ ಆಮೆಗಳ ಚಿತ್ರ ಹಾಕಿ, ಯಾವುದು ಯಾವ ಕುಲ, ಎಷ್ಟು ಅಪಾಯದಲ್ಲಿದೆ ಎಂದು ಬರೆಸಿದ್ದರು. ದೊಡ್ಡಪ್ಪ ಅದನ್ನು ಬಾಯಿಪಾಠ ಮಾಡಿ ಇಡೀ ಊರನ್ನೇ ವಿಂಗಡಿಸತೊಡಗಿದರು. ಕ್ಯಾಬ್ ಡ್ರೈವರುಗಳು: ಚಿಂತೆಯಿಲ್ಲ, ಬೇಕಾದಷ್ಟಿದ್ದಾರೆ. ಎಮ್ಮೆ ಸಾಕುವವರು: ಅಳಿವಿನಂಚು. ಹೇಳಿದ ಹೊತ್ತಿಗೆ ಬರುವ ಪ್ಲಂಬರ್: ಪೂರಾ ನಿರ್ನಾಮ! ಮತ್ತೆ ನಾನು?

“ನಿನ್ ಬಗ್ಗೆ ಮಾಯ್ತಿ ಸಾಲ್ದು ಕಣಮ್ಮ” ಎಂದರು. ಮದುವೆಯಾಗದ ಮೂವತ್ತೈದರ ಹೆಣ್ಣಿಗೆ ಇಷ್ಟು ಮರ್ಯಾದೆಯ ಉತ್ತರವನ್ನು ನಮ್ಮ ಬಳಗದಲ್ಲಿ ಇನ್ಯಾರೂ ಕೊಟ್ಟಿಲ್ಲ.

ಒಂದು ಆಮೆಯನ್ನು ವಿಜ್ಞಾನಿಗಳು ಹಳೆಯ ಕುಲದಿಂದ ತೆಗೆದು ಬೇರೆ ಕುಲಕ್ಕೆ ಸೇರಿಸಿದ್ದಾರೆಂದು ಓದಿ ದಂಗಾದರು. “ಅಂಗೆಲ್ಲ ಕುಲ ಬದ್ಲಾಯ್ಸಕ್ಕೆ ತಹಸೀಲ್ದಾರ್ರು ಒಪ್ಪುದ್ರಾ?”

ಅದೇ ಆಮೆಯ ಮರಿಯ ಚಿತ್ರದ ಮುಂದೆ ಒಂದು ದಿನ ಅವರ ನಗು ನಿಂತಿತು. ದಖ್ಖನ್ನಿನ ನದಿಗಳ ಮೆದುಚಿಪ್ಪಿನ ಆಮೆ, ತೀವ್ರ ಅಪಾಯದಲ್ಲಿದೆ. ಮರಿಯ ಬೆನ್ನ ಮೇಲೆ ಕಣ್ಣಿನಂಥ ನಾಲ್ಕು ಗುರುತು. ಬಾವಿಯ ನೀರು ತಿಳಿಯಾಗಿರಲೆಂದು ಆಮೆ ಬಿಡುವುದು ನಮ್ಮ ಕಡೆಯ ಹಳೆಯ ರೂಢಿ. ತಮ್ಮ ಅಪ್ಪ ಹೊಳೆಯಿಂದ ತಂದು ಈ ಬಾವಿಗೆ ಬಿಟ್ಟ ಮರಿಗೆ ಬೆನ್ನಲ್ಲಿ ನಾಲ್ಕು ಕಣ್ಣಿದ್ದವು ಎಂದು ದೊಡ್ಡಪ್ಪ ಹೇಳಿದಾಗಲೆಲ್ಲ ನಾವು ಕಿಸಕ್ಕೆಂದು ನಕ್ಕಿದ್ದೆವು.

“ಜೀವ ಇರೋದ್ನ ಮುಚ್ಚಿಬುಟ್ನಲ್ಲಮ್ಮ” ಎಂದರು. ಆ ದಿನ ಊಟ ಮಾಡಲಿಲ್ಲ.

ಮಾರನೆಯ ದಿನದಿಂದ ಶುರು. ಮಧ್ಯಾಹ್ನ ಮೂರಕ್ಕೆ, ಕೋಣೆಗಳವರಲ್ಲಿ ಹೆಚ್ಚಿನವರು ಕೆಲಸಕ್ಕೆ ಹೋಗಿ ಬೀದಿಯಲ್ಲಿ ನರಪಿಳ್ಳೆ ಇಲ್ಲದ ಹೊತ್ತಿನಲ್ಲಿ, ಚಪ್ಪಡಿಯ ಮೇಲೆ ಬೋರಲು ಮಲಗಿ, ಕಿವಿಯಿಟ್ಟು ಕೇಳುವುದು: “ಇದೀಯಾ?”

ಒಂದು ದಿನ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ರಾಯಚೂರು ಕಡೆಯ ಬಾಡಿಗೆಯ ಹೆಂಗಸು ನನ್ನನ್ನು ಕರೆದಳು. “ಯಜಮಾನ್ರು ಯಾರ್ ಕೂಡ ಮಾತಾಡಾಕತ್ಯಾರ್ರೀ?”

“ಆಮೆ ಜೊತೆ” ಎಂದೆ.

ಅವಳು ನಗಲು ಬಾಯಿ ತೆರೆದಳು. ಅಷ್ಟರಲ್ಲಿ ಕೆಳಗಿನಿಂದ ಬಂತು: ಟಣ್. ಸ್ವಲ್ಪ ತಡೆದು ಮತ್ತೆ, ಟಣ್, ಟಣ್. ಅವಳು ಬಕೆಟ್ ಬಿಟ್ಟು ಓಡಿದಳು, ನಾನು ಚಪ್ಪಲಿ ಬಿಟ್ಟು ಓಡಿದೆ. ಆ ವಾರವೇ ಅವರು ಕೋಣೆ ಖಾಲಿ ಮಾಡಿದರು. ಬಕೆಟ್ಟಿಗಾಗಿಯೂ ಅವಳು ಹಿತ್ತಲಿಗೆ ಬರಲಿಲ್ಲ.

ನಾಚಿಕೆಯಾಗಿ ಒಂದು ಮಧ್ಯಾಹ್ನ ನಾನೂ ಕಿವಿಯಿಟ್ಟೆ. ಕಲ್ಲು ಬಿಸಿಲಿಗೆ ಸುಡುತ್ತಿತ್ತು, ತೂತಿನಿಂದ ಮಾತ್ರ ತಣ್ಣನೆಯ ಗಾಳಿ ಕೆನ್ನೆಗೆ ಬಡಿಯುತ್ತಿತ್ತು. ಒಳಗೆ ಏನೋ ದೀರ್ಘವಾಗಿ ಉಸಿರೆಳೆಯಿತು.

ಚಪ್ಪಡಿ ತೆಗೆಸುತ್ತೇನೆಂದು ದೊಡ್ಡಪ್ಪ ಹಟ ಹಿಡಿದರು. ದೊಡ್ಡಮ್ಮನದು ಒಂದೇ ಮಾತು. “ಮುಚ್ಚಿದ್ದು ಮುಚ್ಚಿದಂಗೇ ಇರ್ಲಿ.” ಭಯಕ್ಕೆ ಹೇಳುತ್ತಿದ್ದಾರೆಂದು ನಾವು ತಿಳಿದೆವು.

ಕೊನೆಗೆ ದೊಡ್ಡಪ್ಪನ ಹಟವೇ ಗೆದ್ದು, ಕೆರೆ ಕಾಯುವ ಗುಂಪಿನ ಒಬ್ಬ ಹೆಣ್ಣುಮಗಳು, ಅರಣ್ಯ ಇಲಾಖೆಯ ಇಬ್ಬರು ಬಂದರು. ಚಪ್ಪಡಿ ಸರಿಯಿತು. ಕೆಳಗೆ ಕಪ್ಪು ನೀರು, ಅಲುಗಾಟವೇ ಇಲ್ಲ. ದೊಡ್ಡಪ್ಪ ಬಗ್ಗಿ ಕರೆದರು. ಏನೂ ಇಲ್ಲ. ಇನ್ನೊಮ್ಮೆ ಕರೆದಾಗ ಅವರ ದನಿ ಒಡೆದುಹೋಯಿತು. ಆಗ ನೀರು ಸೀಳಿ ಒಂದು ನೀಳ ಮೂತಿ ಮೇಲೆ ಬಂತು, ಅದರ ಹಿಂದೆ ತಟ್ಟೆಯಗಲದ ಬೆನ್ನು ಪೈಪಿಗೆ ತಾಗಿತು: ಟಣ್.

ಬಲೆಯಲ್ಲಿ ಮೇಲೆ ಬಂದ ಆಮೆಯನ್ನು ಆ ಹೆಣ್ಣುಮಗಳು ಮಗುಚಿ ನೋಡಿದಳು. ಕೆರೆಯ ಸಾಮಾನ್ಯ ಆಮೆಗಿರುವಂತೆ ಹಿಂಗಾಲು ಮುಚ್ಚುವ ಚರ್ಮದ ಮಡಿಕೆ ಇದಕ್ಕಿಲ್ಲ. “ಅದೇ ಸಾರ್. ವಯಸ್ಸಾದ್ಮೇಲೆ ಕಣ್ಣಿನ ಗುರುತು ಅಳಿಸಿಹೋಗುತ್ತೆ. ಇದನ್ನ ನದಿಗೇ ಬಿಡ್ಬೇಕು. ಆದ್ರೆ ಇಷ್ಟು ವರ್ಷ ಏನು ತಿಂದು ಬದುಕ್ತು?”

“ಮೀನು” ಎಂದರು ದೊಡ್ಡಮ್ಮ, ಬಾಗಿಲಲ್ಲಿ ನಿಂತೇ. “ಇವ್ರು ಮದ್ಯಾನ ಉಂಡು ಮಲಗಿದ್ಮೇಲೆ ತೂತಲ್ಲಿ ಹಾಕ್ತಿದ್ದೆ. ಮುಚ್ಚಿಸಿದ ದಿನದಿಂದ್ಲೂ.”

ದೊಡ್ಡಪ್ಪ ತಿರುಗಿ ನೋಡಿದರು. “ನಂಗ್ಯಾಕೆ ಯೋಳ್ಲಿಲ್ಲ?”

“ಯೋಳಿದ್ರೆ ತೆಗೆದು ಬಿಟ್ಟು ಬರ್ತಿದ್ರಿ. ಆಮೇಕೆ ಮದ್ಯಾನ ನಾನು ಯಾರ್ ಜೊತೆ ಮಾತಾಡ್ಲಿ?”

ಆಮೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಜೀಪಿಗೆ ಹತ್ತಿಸಿದರು. ಜೀಪು ತಿರುವಿನಲ್ಲಿ ಮರೆಯಾದ ಮೇಲೂ ದೊಡ್ಡಪ್ಪ ಬಾವಿಯ ಕಟ್ಟೆಯ ಮೇಲೆ ಕೂತೇ ಇದ್ದರು. ಆಮೇಲೆ ಸ್ವಲ್ಪ ಸರಿದು, ಪಕ್ಕದ ಧೂಳನ್ನು ಟವೆಲಿನಿಂದ ಕೊಡವಿ, “ಬಾ, ಕೂತ್ಕೋ” ಎಂದು ದೊಡ್ಡಮ್ಮನನ್ನು ಕರೆದರು.