ತೆಕೌ ಅಂದರೆ ಎಷ್ಟು?

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನಾನು ಲೆಕ್ಕದಲ್ಲಿ ತಪ್ಪುವವಳೇ ಅಲ್ಲ. ಆದರೂ ಈ ಪರದೇಶದ ಕಾಪೆಲ್ ಊರಿನಲ್ಲಿ ನಮ್ಮ ಪಕ್ಕದ ಮನೆಗೆ ಟೋಂಗಾ ದ್ವೀಪದ ಅಂಕಲ್ ಶಿಫ್ಟ್ ಆದಾಗಿನಿಂದ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ತಪ್ಪು ನನ್ನದಲ್ಲ ಅಂತ ಈಗಲೂ ನನ್ನ ವಾದ.

ಹಬ್ಬದ ಕಾಯಿ

ಬೇಲಿಯಾಚೆ ಅಂಕಲ್ ತೆಂಗಿನಕಾಯಿ ಎಣಿಸುತ್ತಿದ್ದರು. ಕಾಣಿಸುತ್ತಿರಲಿಲ್ಲ, ದನಿಯಷ್ಟೇ. ಬೆರಳು ಮಡಚುತ್ತಾ ಕೇಳಿಸಿಕೊಂಡೆ; ಹತ್ತನೆಯ ಪದ 'ತೆಕೌ'. ಅಷ್ಟು ಸಾಕಾಯಿತು. ಗಣೇಶನ ಹಬ್ಬಕ್ಕೆ ಅವರ ಭಾಷೆಯ ಪದವನ್ನೇ ಬಳಸಿ ಜಂಬದಿಂದ, "ತೆಕೌ ಕಾಯಿ ತಂದುಕೊಡಿ" ಅಂದೆ.

ಇಪ್ಪತ್ತು ಬಂದವು.

"ಅಂಕಲ್, ನಾನು ಕೇಳಿದ್ದು ಹತ್ತು!"

"ಹತ್ತೇ ತಂದಿದ್ದೀನಲ್ಲ, ಹತ್ತು ಜೋಡಿ. ನಮ್ಮಲ್ಲಿ ಕಾಯಿ, ಮೀನು, ಗೆಣಸು ಎಲ್ಲಾ ಜೋಡಿ ಲೆಕ್ಕ."

"ಒಂದೇ ಕಾಯಿ ಬೇಕಾದರೆ?"

"ಒಂದು ಕಾಯಿಗೋಸ್ಕರ ಯಾರಮ್ಮ ಅಂಗಡಿಗೆ ಅಷ್ಟು ದೂರ ಡ್ರೈವ್ ಮಾಡ್ತಾರೆ?"

ಊಟಕ್ಕೆ ನಾಲ್ಕು

ಸೂತ್ರ ಗೊತ್ತಾಯಿತಲ್ಲ, ಇನ್ನೇನು ಭಯ? ಮನೆಯವರನ್ನೆಲ್ಲ ಊಟಕ್ಕೆ ಕರೆತನ್ನಿ ಅಂದಿದ್ದಕ್ಕೆ ಅಂಕಲ್ ಫೋನ್ ಮಾಡಿ, "ಭಾನುವಾರ ಊಟಕ್ಕೆ ನಾವು ನಾಲ್ಕು" ಅಂದರು. ನಾನು ಎಂಟು ಜನಕ್ಕೆ ಬಿಸಿಬೇಳೆಬಾತ್ ಮಾಡಿ, ಎಂಟು ತಟ್ಟೆ ಜೋಡಿಸಿದೆ. ಬಂದವರು ನಾಲ್ಕೇ ಜನ. ಖಾಲಿ ಕುರ್ಚಿಗಳನ್ನು ನೋಡಿ ಅಂಕಲ್ ಕೇಳಿದರು, "ಇನ್ನೂ ಯಾರು ಬರಬೇಕು?"

"ನಿಮ್ಮ ಜೋಡಿಗಳು."

ಅಂಕಲ್ ತಮ್ಮ ಬೋಳುತಲೆ ಸವರಿಕೊಂಡು, "ಕಾಯಿ ಥರ ಕಾಣಿಸ್ತೀನಿ ನಿಜ. ಆದರೆ ನಾನು ಮನುಷ್ಯ, ನನ್ನ ಒಬ್ಬನೇ ಅಂತ ಎಣಿಸಮ್ಮ" ಅಂದರು.

ಅತ್ತೆಯ ಪಾಠ

ಆಮೇಲೆ ಧಾರವಾಡದಿಂದ ಅತ್ತೆ ಬಂದರು. ಅಕ್ಕಿ ಅಳೆಯುವಾಗ ಅವರು ಮೊದಲ ಲೋಟಕ್ಕೆ 'ಒಂದು' ಅನ್ನುವುದಿಲ್ಲ; ಶುಭವಾಗಲಿ ಅಂತ 'ಲಾಭ' ಅನ್ನುತ್ತಾರೆ. ಅಂಕಲ್‌ಗೆ ಕನ್ನಡದ ಎಣಿಕೆ ಕಲಿಯುವ ಆಸೆ. ನಾನು ಸ್ಕೂಲಿನಲ್ಲಿದ್ದಾಗ ಅತ್ತೆ ಅಡುಗೆಮನೆಯಲ್ಲೇ ಪಾಠ ಮುಗಿಸಿಬಿಟ್ಟಿದ್ದರು: "ಹಿಂಗ ಅನ್ರಿ. ಲಾಭ, ಎರಡು, ಮೂರು..."

ಮುಂದಿನ ವಾರ ಹತ್ತಿರದ ಊರು ಲಿಟಲ್ ಎಲ್ಮ್‌ನಲ್ಲಿ ಅತ್ತೆಯ ಪರಿಚಯದ ಹುಬ್ಬಳ್ಳಿ ಆಂಟಿಯ ಮನೆಯಲ್ಲಿ ಗೃಹಪ್ರವೇಶ. ಅಂಕಲ್‌ರನ್ನೂ ಕರೆದುಕೊಂಡು ಹೋದೆವು. ಅವರಿಗೆ ಕನ್ನಡ ಬರುತ್ತದೆ ಅಂತ ಅತ್ತೆ ಊರಿಗೆಲ್ಲ ಸಾರಿದ್ದರು. ಆಂಟಿ ಇಂಗ್ಲಿಷಿನಲ್ಲಿ, "ನಿಮಗೆ ಮಕ್ಕಳೆಷ್ಟು? ಕನ್ನಡದಲ್ಲೇ ಹೇಳಬೇಕು" ಅಂದರು.

ಅಂಕಲ್‌ಗೆ ಇರುವುದು ಒಬ್ಬಳೇ ಮಗಳು. ಎದೆಯುಬ್ಬಿಸಿ ಹೇಳಿದರು: "ಲಾಭ!"

ಆಂಟಿ, ಸೋಫಾದಲ್ಲಿ ಫೋನ್ ಹಿಡಿದು ಬಿದ್ದುಕೊಂಡಿದ್ದ ತಮ್ಮ ಇಬ್ಬರು ಗಂಡುಮಕ್ಕಳ ಕಡೆ ಒಮ್ಮೆ ನೋಡಿ ನಿಟ್ಟುಸಿರುಬಿಟ್ಟರು.

"ಪುಣ್ಯವಂತರು ಬಿಡ್ರಿ. ನಮಗ ಎರಡದಾವ, ಎರಡೂ ನಷ್ಟ."