ಸೈಕ್ಲಮೆನ್ನೂ ಅಂಜೂರವೂ ನಾನೂ

ನನ್ನ ಹೆಂಡತಿ ವೀರಭದ್ರಮ್ಮನಿಗೆ ಸೌಂದರ್ಯದೃಷ್ಟಿ ಎಂಬುದಿಲ್ಲ. ಈ ಮಾತನ್ನು ನಾನು ಅವಳ ಎದುರಿಗೇ ಹೇಳುತ್ತೇನೆ (ಅವಳು ಬಾವಿಯ ಹತ್ತಿರ ಇದ್ದಾಗ, ತುಸು ಮೆಲ್ಲಗೆ). ಭೂಮಂಡಲದ ಸಮಸ್ತ ಸಸ್ಯಕೋಟಿಯನ್ನು ಅವಳು ತಿನ್ನಲು ಬರುವವು, ತಿನ್ನಲು ಬಾರದವು ಎಂದು ಎರಡೇ ಜಾತಿ ಮಾಡಿಟ್ಟಿದ್ದಾಳೆ. ಎರಡನೆಯ ಜಾತಿಯಲ್ಲಿ ಮುಡಿಯುವ ಹೂವಿಗೆ ಮಾತ್ರ ರಿಯಾಯಿತಿ. ಅಂಥವಳಿರುವ ಮನೆಗೆ ನಾನು ಸೈಕ್ಲಮೆನ್ ಎಂಬ ಹೂಗಿಡ ತಂದೆ.

ಜರ್ಮನಿಯವರ ಮೇಲೆ ಯುದ್ಧ ನಡೆಯುತ್ತಿದ್ದ ಕಾಲ ಅದು. ರಾಯಚೂರಿನ ರೈಲ್ವೆ ಬಂಗಲೆಯ ದೊರೆ ಊರು ಬಿಟ್ಟು ಹೊರಡುತ್ತಾನೆ, ಬೇಡವಾದ ಸಾಮಾನನ್ನು ಬಂದವರಿಗೆಲ್ಲ ಹಂಚುತ್ತಿದ್ದಾನೆ ಎಂದು ನಮ್ಮ ಕಚೇರಿಗೆ ಸುದ್ದಿ ಬಂತು. ಗುಮಾಸ್ತರೆಲ್ಲ ಓಡಿದೆವು. ಒಬ್ಬ ಕುರ್ಚಿ ಹೊತ್ತ, ಒಬ್ಬ ಕನ್ನಡಿ ಹೊತ್ತ, ಜವಾನ ಮೀರಾಹುಸೇನ ದೀಪ ಹಿಡಿದುಕೊಂಡ. ರಸಿಕನಾದ ನಾನು ಮಾತ್ರ ಪಡಸಾಲೆಯ ತಂಪಿನಲ್ಲಿದ್ದ ಹೂಕುಂಡವನ್ನು ಎತ್ತಿಕೊಂಡೆ. ಬೆಳ್ಳಿಯ ಕಸೂತಿ ಹಾಕಿದಂಥ ಎಲೆಗಳು, ಅವುಗಳ ಮೇಲೆ ತಲೆ ತಗ್ಗಿಸಿ ನಿಂತ ಕೆಂಪು ಹೂವು, ಹಿಂದಕ್ಕೆ ಬಾಗಿದ ದಳಗಳು. ದೊರೆ ಅದರ ಹೆಸರು ಹೇಳಿಕೊಟ್ಟು, ಆಮೇಲೆ ಇಂಗ್ಲಿಷಿನಲ್ಲಿ ಇನ್ನೂ ಏನೇನೋ ಹೇಳಿದ. ನಾನು ಎಲ್ಲದಕ್ಕೂ ತಲೆಯಾಡಿಸಿದೆ.

“ಮಂದಿ ಕುರ್ಚಿ ತಂದಾರ, ಕನ್ನಡಿ ತಂದಾರ. ನೀವು ಮಣ್ಣಿಂದು ತಂದೀರಿ!” ಎಂದಳು ವೀರಭದ್ರಮ್ಮ.

(ನನ್ನ ಹೆಸರು ಗಡಿಗೆಪ್ಪ. ಗಂಡನ ಹೆಸರು ಬಾಯಿಗೆ ಬರಬಾರದೆಂದು ಅವಳು ಮದುವೆಯಾದಾಗಿನಿಂದ ಗಡಿಗೆಯನ್ನು ‘ಮಣ್ಣಿಂದು’ ಎನ್ನುತ್ತಾಳೆ. ಗಂಡನನ್ನು ಬೈಯಲು ಮಾತ್ರ ಯಾವ ನಿಷೇಧವೂ ಇಲ್ಲ.)

“ಹೂ ನೋಡು ಬೇ, ಹೂ!”

“ನೋಡೀನಿ. ಬಿರುಗಾಳಿಗೆ ಛತ್ರಿ ತಿರುವಿದಂಗ ಅದ. ಮುಡ್ಕೋಬಹುದೇನು?”

“ಇದು ಮುಡಿಯೋ ಹೂ ಅಲ್ಲ.”

“ದೇವರಿಗೆ ಏರಿಸಬಹುದು?”

“ದೇವರಿಗೆ ಇದರ ಗುರ್ತಿಲ್ಲ.”

“ಹಣ್ಣರ ಬಿಡ್ತದೇನು?”

“ಇಲ್ಲ.”

“ಮತ್ತ ದೊರಿ ಯಾಕ ಇಟ್ಕೊಂಡಿದ್ದ?”

“ನೋಡಾಕ!”

“ಹಂಗಾದ್ರ ನೋಡ್ಕೋಂತ ಕುಂದುರ್ರಿ,” ಎಂದು ಒಳಗೆ ಹೋದಳು. ಅಂದಿನಿಂದ ಆ ಸುಂದರಿಗೆ ನಮ್ಮ ಮನೆಯಲ್ಲಿ ‘ದೊರಿ ಗಿಡ’ ಎಂದೇ ಹೆಸರಾಯಿತು.

ಮುಂದಿನ ವಾರ ಅವಳು ಮಾನ್ವಿ ಕಡೆಯ ಪೋತ್ನಾಳದ ತವರಿಗೆ ಹೋಗಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಕೋಲನ್ನು ತಂದಳು. ಅಂಜೂರದ ಟೊಂಗೆಯಂತೆ. ಕೈಕೂಸಿಗಿಂತ ಜೋಪಾನವಾಗಿ ಹಿಡಿದಿದ್ದಳು. ನಾನು ಅಂಗಳದಲ್ಲಿ ನಿಂತು ಉಭಯ ಸಸ್ಯಗಳ ತುಲನೆಯ ಮೇಲೆ ಒಂದು ಉಪನ್ಯಾಸವನ್ನೇ ಕೊಟ್ಟೆ.

“ಅಂಜೂರಕ್ಕ ಒಂದು ಹೂ ಅದ ಏನು? ಹೂವಿಲ್ಲದ್ದು ಹೂದೋಟದಾಗ ಯಾಕ ಬೇಕು?”

“ಹೂ ಹಣ್ಣಿನ ಒಳಗ ಇರ್ತದ. ಸಂಸಾರಸ್ತರ ಗಿಡ ಅದು. ಬಂದೋರಿಗೆಲ್ಲ ಹಲ್ಲು ಕಿರಿಯೂದಿಲ್ಲ.”

“ಎಲಿ ಮುಟ್ಟಿದ್ರ ಮೈ ತುರಸ್ತದ.”

“ಹಣ್ಣು ತಿಂದ್ರ ನಿಲ್ತದ.”

ಆಗ ನಾನು ಬ್ರಹ್ಮಾಸ್ತ್ರ ತೆಗೆದೆ. “ನಾವು ಸರ್ಕಾರಿ ನೌಕರ್ರು. ಇವತ್ತು ಇಲ್ಲಿ, ನಾಳಿ ಎಲ್ಲೋ. ನಮಗ ಶೋಭಾ ಕೊಡೂದು ಗಡಗ್ಯಾಗಿನ ಗಿಡ. ವರ್ಗ ಆತಂದ್ರ ಎತ್ಕೊಂಡು ಹೊಂಡಬಹುದು. ಅಂಜೂರದ ಮರ ಎತ್ಕೊಂಡು ಹೋಗ್ತೀಯೇನು?”

ಅವಳು ಸುಮ್ಮನಾದಳು. ನನ್ನ ದಾಂಪತ್ಯದಲ್ಲಿ ಅವಳು ಸುಮ್ಮನಾದದ್ದು ಅದೇ ಮೊದಲು. ಗೆದ್ದ ಹುಮ್ಮಸ್ಸಿನಲ್ಲಿ ನಾನು ಒಂದು ಶಾಸನವನ್ನೂ ಹೊರಡಿಸಿದೆ: ಬೇಸಿಗೆಯಲ್ಲಿ ಬಾವಿಯ ನೀರು ತಳ ಕಾಣುತ್ತದೆ, ಇರುವ ನೀರು ನಡುಮನೆಯಲ್ಲಿ ಸೈಕ್ಲಮೆನ್ನನ್ನು ತಂಪಾಗಿಡಲಿಕ್ಕೇ ಬೇಕು, ಆದ್ದರಿಂದ ಅಂಜೂರಕ್ಕೆ ಒಂದು ಹನಿಯನ್ನೂ ಹಾಕಕೂಡದು. ಅವಳು ಎದ್ದು ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದಳು.

“ಗೂಗಲ್ ಊರಿನ ಅಲ್ಲಮಪ್ರಭುವಿನ ಆಣಿ, ನನ್ನ ಕೈಲೆ ಒಂದ ಹನಿ ಹಾಕಂಗಿಲ್ಲ. ಆದ್ರ ಎಲ್ಲಿ ಊರಬೇಕು ಅನ್ನೂದು ನನಗ ಬಿಡಬೇಕು.”

ಉದಾರ ಮನಸ್ಸಿನಿಂದ ಒಪ್ಪಿದೆ. ಅವಳು ಹೋಗಿ ನಡುಮನೆಯ ಪಡುವಣ ಕಿಟಕಿಯ ಕೆಳಗೆ, ಹೊರಗೋಡೆಗೆ ಅಂಟಿಸಿದಂತೆ ಆ ಕೋಲನ್ನು ಊರಿದಳು. ಮಧ್ಯಾಹ್ನದ ಬಿಸಿಲು ರೊಟ್ಟಿ ಸುಡುವಷ್ಟು ಬೀಳುವ ಜಾಗ ಅದು. ವಾರದಲ್ಲೇ ಒಣಗುತ್ತದೆ ಎಂದು ನಾನು ಮೀಸೆಯಲ್ಲೇ ನಕ್ಕೆ.

ಇಷ್ಟರಲ್ಲಿ ಕಚೇರಿಯಲ್ಲಿ ಒಂದು ಭಯ ಹುಟ್ಟಿಕೊಂಡಿತು. ದೇವದುರ್ಗದಲ್ಲಿ ಒಂದು ಜಾಗ ಖಾಲಿಯಾಗಿದೆ, ನಮ್ಮಲ್ಲೇ ಒಬ್ಬನನ್ನು ಅಲ್ಲಿಗೆ ಹಾಕುತ್ತಾರೆ ಎಂದು. ದೇವದುರ್ಗದ ಮೇಲೆ ನನಗೆ ದ್ವೇಷವೇನಿಲ್ಲ. ಆದರೆ ಅಲ್ಲಿ ರೈಲಿಲ್ಲ! ಪ್ರತಿ ಸಂಜೆ ರಾಯಚೂರು ಸ್ಟೇಷನ್ನಿಗೆ ಹೋಗಿ, ಮದ್ರಾಸ್ ಮೇಲ್ ರೈಲಿನಿಂದ ಇಳಿಯುವವರನ್ನು ನೋಡಿ, ಚಹಾ ಕುಡಿದು, ಯಾರಾದರೂ ಬಿಟ್ಟುಹೋದ ಪೇಪರು ಓದದಿದ್ದರೆ ನನಗೆ ಊಟ ಸೇರುವುದಿಲ್ಲ. ಆ ಊರಿಗೆ ಹೋದರೆ ನಾನು ಬದುಕಿಯೂ ಸತ್ತಂತೆ.

ಉಪಾಯ ಹೊಳೆಯಿತು. ನಮ್ಮ ಸಾಹೇಬರ ಮಡದಿ ಗುಲ್ಶನ್ ಬೇಗಂ ಅವರಿಗೆ ಗಿಡಗಳೆಂದರೆ ಪ್ರಾಣ, ಸಾಹೇಬರಿಗೆ ಬೇಗಂ ಹೇಳಿದ್ದೇ ಕಾನೂನು. ಸಾಹೇಬರ ಕಿವಿಗೆ ಬೀಳುವ ಹಾಗೆ, ಹೈದರಾಬಾದಿನಿಂದ ಈಚೆಗೆ ಎಲ್ಲೂ ಇಲ್ಲದ ವಿಲಾಯತಿ ಹೂವು ನನ್ನ ಮನೆಯಲ್ಲಿದೆ ಎಂದು ಗಟ್ಟಿಯಾಗಿ ಮಾತಾಡಿದೆ. ಹೂ ಬಿಟ್ಟಾಗ ತಿಳಿಸಬೇಕು, ಬೇಗಂ ಬಂದು ನೋಡುತ್ತಾರೆ ಎಂದು ಅಪ್ಪಣೆಯಾಯಿತು. ಬೇಗಂ ಮೆಚ್ಚಿದರೆ ನಾನು ರಾಯಚೂರಿನಲ್ಲೇ ಖಾಯಂ. ಒಟ್ಟಿನಲ್ಲಿ ನನ್ನ ಭವಿಷ್ಯವೆಲ್ಲ ಆ ಗಿಡದ ಮೇಲೆ ನಿಂತಿತು.

ಗಿಡವೋ, ಬಿಸಿಲು ಏರಿದ ಕೂಡಲೆ ತಲೆ ಜೋಲಿಸಿತು. ನಾನು ಬಿಡುವವನಲ್ಲ. ನಡುಮನೆಯನ್ನು ಅದಕ್ಕೇ ಮೀಸಲಿಟ್ಟು, ನಾವಿಬ್ಬರೂ ಪಡಸಾಲೆಗೆ ಬಂದೆವು. ಪಡುವಣ ಕಿಟಕಿಯ ಹೊರಗೆ, ದೊಡ್ಡ ಅಧಿಕಾರಿಗಳ ಮನೆಯಲ್ಲಿರುವಂತೆ, ಲಾವಂಚದ ಬೇರಿನ ಖಸ್ ತಟ್ಟಿ ತೂಗುಹಾಕಿಸಿದೆ. ತಟ್ಟಿಗೆ ನೀರು ಎರಚಿದರೆ ಬಿಸಿಗಾಳಿಯೂ ಘಮ್ಮೆಂದು ತಂಪಾಗಿ ಒಳಗೆ ಬರುತ್ತದೆ. “ನಿಮ್ಮ ದೊರಿ ಗಿಡಕ್ಕ ನೀವ ಸೇದ್ರಿ,” ಎಂದು ಅವಳು ಬಾವಿಯ ಹಗ್ಗವನ್ನು ನನ್ನ ಕೈಗೆ ಕೊಟ್ಟಿದ್ದರಿಂದ ಬೆಳಗ್ಗೆ ಸೇದಿದೆ, ಮಧ್ಯಾಹ್ನ ಕಚೇರಿಯಿಂದ ಓಡಿಬಂದು ಸೇದಿದೆ, ಸಂಜೆ ಸ್ಟೇಷನ್ನಿಗೆ ಹೋಗುವ ಮುಂಚೆ ಸೇದಿದೆ. ಕೊಡಗಟ್ಟಲೆ ನೀರನ್ನು ಒಳಗಿನಿಂದ ತಟ್ಟಿಗೆ ಎರಚಿದೆ.

ಆಶ್ಚರ್ಯವೆಂದರೆ ವೀರಭದ್ರಮ್ಮನ ಮನಸ್ಸು ಕರಗತೊಡಗಿತು.

“ಇನ್ನೊಂದು ಕೊಡ ಹಾಕ್ರಿ. ಪಾಪ, ಬಾಡಾಕತ್ತದ.”

“ಸಾಕಲ್ಲೇನು?”

“ಏನ್ ಸಾಕ್ರೀ? ಬಿಸಿಲು ನೋಡ್ರಿ ಹೆಂಗ ಅದ! ಜೀವ ಅಲ್ಲೇನು ಅದೂ?”

ಒಮ್ಮೆ ತಟ್ಟಿ ಹರಿದಾಗ ತಾನೇ ಕುಳಿತು ಹೊಲಿದುಕೊಟ್ಟಳು. ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂದವು. ಇಷ್ಟು ವರ್ಷ ಈಕೆಯನ್ನು ತಪ್ಪು ತಿಳಿದೆನಲ್ಲ ಎಂದುಕೊಂಡೆ.

ಎರಡು ಬೇಸಿಗೆ ಹೀಗೆ ಹೋದವು. ಚಳಿಗಾಲದಲ್ಲಿ ಸೈಕ್ಲಮೆನ್ ನಾಲ್ಕು ಎಲೆ ಬಿಟ್ಟು ಆಸೆ ಹಚ್ಚುವುದು, ಬೇಸಿಗೆ ಬಂದರೆ ಎಲೆಯೆಲ್ಲ ಉದುರಿಸಿ ಒಣ ಸಗಣಿ ಕುಳ್ಳಿನಂಥ ಗಡ್ಡೆಯಾಗಿ ಕೂರುವುದು. ನಿದ್ದೆ ಮಾಡುತ್ತಿದೆ ಎಂದು ನಾನು ಘೋಷಿಸಿದೆ (ದೊರೆ ನಿದ್ದೆಯ ಬಗ್ಗೆಯೂ ಏನೋ ಹೇಳಿದ್ದನೆಂದು ನೆನಪು). ನಡುಮನೆ ಮಾತ್ರ ದಿನದಿನಕ್ಕೆ ತಂಪಾಗುತ್ತ, ನೆರಳಾಗುತ್ತ ಬಂತು. ನನ್ನ ತಟ್ಟಿಯ ಮಹಿಮೆ ಎಂದು ಕಚೇರಿಯಲ್ಲಿ ಹೇಳಿಕೊಂಡೆ. ಎಮ್ಮೆ ಕಟ್ಟಿ, ಕುಳ್ಳು ಬಡಿಯುವ ಆ ಪಡುವಣ ಹಿತ್ತಲಿಗೆ ನನ್ನಂಥ ಸರ್ಕಾರಿ ಮನುಷ್ಯ ಕಾಲಿಡುತ್ತಿರಲಿಲ್ಲ.

ಕಾದು ಬೇಸತ್ತ ಗುಲ್ಶನ್ ಬೇಗಂ ಒಂದು ದಿನ ಹೇಳದೆ ಕೇಳದೆ ಪರದೆಯ ಟಾಂಗಾದಲ್ಲಿ ಬಂದೇಬಿಟ್ಟರು. ಅವರು ಪರದೆಯವರು, ಗಂಡಸರು ಎದುರಿಗೆ ಬರುವಂತಿಲ್ಲ. ನಾನು ಪಡಸಾಲೆಯ ಬಾಗಿಲ ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತೆ. ನಡುಮನೆಯಲ್ಲಿ ಬಳೆಯ ಸದ್ದು ಕುಂಡದ ಹತ್ತಿರ ಬಂದು ನಿಂತಿತು.

“ಇದೇನಮ್ಮ ಇದು?” ಎಂದರು ಬೇಗಂ.

“ಮಲಗ್ಯಾದ್ರೀ,” ಎಂದಳು ವೀರಭದ್ರಮ್ಮ. ಪತಿವ್ರತೆ!

ಆಮೇಲೆ ಹಿತ್ತಲ ಬಾಗಿಲು ತೆರೆದ ಸದ್ದು. ಅದರ ಹಿಂದೆಯೇ ಒಂದು ಉದ್ಗಾರ: “ಮಾಷಾ ಅಲ್ಲಾ! ಅಂಜೀರ್! ಈ ಉರಿ ಬಿಸಿಲಾಗ ಇಷ್ಟು ದೊಡ್ಡ ಗಿಡ? ಯಾರು ನೀರು ಹಾಕಿದ್ರು?”

“ನಮ್ಮ ಮನ್ಯಾಗಿನವರೇ ರೀ. ನಾನು ಆಣಿ ಹಾಕೀನಿ, ಒಂದ ಹನಿ ಹಾಕಿಲ್ಲ. ಎರಡು ಬ್ಯಾಸಗಿ ಅವರೇ ಸೇದಿ ಸೇದಿ ಹಾಕ್ಯಾರ. ಅವರ ಕೈಯಾಗ ಗುಳ್ಳಿ ಎದ್ದಾವ್ರೀ.”

ನಾನು ಪರದೆಯ ಹಿಂದೆ ನನ್ನ ಅಂಗೈ ನೋಡಿಕೊಂಡೆ. ಎದ್ದಿದ್ದವು.

ಟಾಂಗಾ ಹೋದ ಮೇಲೆ ನಡುಮನೆಗೆ ಓಡಿ ಖಸ್ ತಟ್ಟಿ ಎತ್ತಿದೆ. ಅಂಗೈಯಷ್ಟು ಅಗಲದ ಅಂಜೂರದ ಎಲೆಯೊಂದು ನನ್ನ ಕೆನ್ನೆಗೆ ಬಡಿಯಿತು. ಕೆಳಗೆ ನೋಡಿದರೆ, ನಾನು ಎರಚಿದ ನೀರೆಲ್ಲ ತಟ್ಟಿಯಿಂದ ತೊಟ್ಟಿಕ್ಕಿ, ಗೋಡೆಗುಂಟ ಇಳಿದು, ನೇರವಾಗಿ ಅದರ ಬುಡಕ್ಕೆ ಹೋಗಿತ್ತು. ಬುಡದ ಸುತ್ತ ಚೊಕ್ಕವಾಗಿ ಪಾತಿಯನ್ನೂ ಮಾಡಿದ್ದಳು.

“ಮೋಸ!” ಎಂದು ಕೂಗಿದೆ.

“ಎಲ್ಲಿ ಮೋಸ? ನೀರು ಹಾಕಬ್ಯಾಡ ಅಂದ್ರಿ, ಹಾಕಿಲ್ಲ. ತಿನ್ರಿ, ಬಾಯಿ ಸಿಹಿ ಮಾಡ್ಕೋರಿ. ಬೇಗಂ ಸಾಹೇಬರಿಗೆ ಭಾಳ ಖುಷಿ ಆಗ್ಯಾದ, ಉಡಿ ತುಂಬ ಒಯ್ದಾರ.”

ಹಣ್ಣು ಜೇನಿನ ಹಾಗಿತ್ತು, ಸುಳ್ಳೇಕೆ ಹೇಳಲಿ. ಬೇಗಂ ಖುಷಿಯಾದರೆ ಸರಿ, ಯಾವ ಗಿಡದಿಂದಾದರೇನು? ನಾನು ಹೆಂಡತಿಯನ್ನು ಕ್ಷಮಿಸಿ, ಇನ್ನೆರಡು ಹಣ್ಣು ತಿಂದು, ನಿರಾತಂಕವಾಗಿ ಸ್ಟೇಷನ್ನಿಗೆ ಹೋದೆ.

ಮರುದಿನವೇ ಸಾಹೇಬರು ಕರೆಸಿದರು. ಎದ್ದು ನಿಂತು ಕೈಕುಲುಕಿದರು.

“ಗಡಿಗೆಪ್ಪ, ಬೇಗಂ ಎಲ್ಲಾ ಹೇಳಿದ್ರು. ಕಲ್ಲಿನಾಗ ಅಂಜೀರ್ ಬೆಳೆಸಿದ ಕೈ ನಿಂದು! ದೇವದುರ್ಗದಾಗ ಸರ್ಕಾರಿ ಬಗೀಚಾ ಒಣಗಿ ಹೋಗಾಕತ್ತದ. ಅಲ್ಲಿಗೆ ಯಾರನ್ನ ಕಳಿಸಲಿ ಅಂತ ಇಷ್ಟು ದಿನ ತಿಳೀಲಿಲ್ಲ ನೋಡು. ಮುಬಾರಕ್!”

ಮನೆಗೆ ಬಂದು ಕುಸಿದು ಕುಳಿತೆ. “ಗಂಟು ಕಟ್ಟು. ದೇವದುರ್ಗಕ್ಕ ಹೋಗಬೇಕು.”

“ನಾನು ಹೆಂಗ ಬರ್ಲಿ? ಗಿಡ ತುಂಬ ಕಾಯಿ ಅದ.”

“ಗಂಡಗಿಂತ ಗಿಡ ಹೆಚ್ಚಾತೇನು?”

“ಹಂಗಲ್ಲ್ರೀ. ಅಂಜೂರ ಎತ್ಕೊಂಡು ಹೋಗಾಕ ಬರಂಗಿಲ್ಲ ಅಂತ ನೀವ ಅಂದಿದ್ರಿ. ಊರೂರು ಎತ್ಕೊಂಡು ಹೋಗೂದು ಏನಿದ್ರೂ ಮಣ್ಣಿಂದು.”

ಹೊರಡುವ ದಿನ ಮೋಟಾರಿನ ತನಕ ಬಂದು, ರೊಟ್ಟಿಯ ಗಂಟಿನ ಜೊತೆ ಸೈಕ್ಲಮೆನ್ ಕುಂಡವನ್ನೂ ನನ್ನ ತೊಡೆಯ ಮೇಲೆ ಇಟ್ಟಳು. “ಹಣ್ಣು ಮುಗಿದ ಮ್ಯಾಲ ಬರ್ತೀನಿ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ದುಃಖ ಬಂತು. ಸ್ಟೇಷನ್ನಿನ ಕಡೆಯಿಂದ ರೈಲಿನ ಸಿಳ್ಳು ಕೇಳಿಸಿದ್ದರಿಂದ ಇನ್ನಷ್ಟು ಬಂತು.

ಮೋಟಾರು ಕಲ್ಮಲ ಊರು ದಾಟುವಾಗ ಪಕ್ಕದಲ್ಲಿದ್ದ ಮುದುಕ ಕೇಳಿದ, “ಅದರಾಗ ಏನದರೀ ಯಪ್ಪಾ?”

“ಸರ್ಕಾರಿ ನೌಕರರಿಗೆ ಶೋಭಾ ಕೊಡೋ ಗಿಡ,” ಎಂದೆ, ಎದೆ ಉಬ್ಬಿಸಿ.

ಅವನು ಬಗ್ಗಿ ಕುಂಡದೊಳಗಿನ ಒಣ ಗಡ್ಡೆಯನ್ನು ನೋಡಿದ, ನನ್ನ ಮುಖ ನೋಡಿದ, ಮತ್ತೆ ಗಡ್ಡೆಯನ್ನು ನೋಡಿದ. ಆಮೇಲೆ, ಗಾಳಿಯಾದರೂ ಆಡಲಿ ಎಂದು ನಮ್ಮಿಬ್ಬರಿಗೂ ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟ.